ಸಂನ್ಯಾಸಿಯ ಬೆಕ್ಕು ಮತ್ತು ಕಿತ್ತೂರಿನ ಪೆಟ್ಟಿಗೆ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ನಡುವೆ ಸಿಕ್ಕುವ ಕಿತ್ತೂರಿನ ಹೆಸರನ್ನು ಕೇಳದ ಕನ್ನಡಿಗರಿಲ್ಲ. 1824ರ ಅಕ್ಟೋಬರ್ ತಿಂಗಳಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯವು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೋಟೆಯ ಮುಂದೆ ಕೆಡವಿದ ಕಥೆಯನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಅದೇ ಊರಿನಲ್ಲಿ 1986ರಲ್ಲಿ ನಡೆದ ಮತ್ತೊಂದು ಸಂಗತಿಯನ್ನು ಬಲ್ಲವರು ಕಡಮೆ. ಆ ವರ್ಷ ಅಲ್ಲಿಗೆ ಒಂದು ಪೆಟ್ಟಿಗೆ ಬಂತು. ಕತ್ತಿಯಿಲ್ಲ, ಕುದುರೆಯಿಲ್ಲ, ಮೆರವಣಿಗೆಗೆ ಒದಗುವಂಥ ವೈಭವವೂ ಇಲ್ಲ. ಅದು ಭಾರತದಲ್ಲಿಯೇ ಯೋಜಿಸಿ, ಭಾರತದಲ್ಲಿಯೇ ನಿರ್ಮಿಸಿದ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ಎಕ್ಸ್‌ಚೇಂಜು, ಅಂಥವುಗಳಲ್ಲಿ ಮೊತ್ತಮೊದಲನೆಯದು.

ಆ ಪೆಟ್ಟಿಗೆಗೆ 128 ಬಾಯಿಗಳು. ಅವುಗಳಲ್ಲಿ ಹೆಚ್ಚಿನವು ಊರಿನ ಚಂದಾದಾರರ ತಂತಿಗಳಿಗೆ, ಉಳಿದವು ಹೊರಗಿನ ಊರುಗಳಿಗೆ ಹೋಗುವ ತಂತಿಗಳಿಗೆ ಮೀಸಲು. ಲಕ್ಷಾಂತರ ತಂತಿಗಳನ್ನು ಹೆಣೆಯುವ ಮಹಾನಗರದ ಎಕ್ಸ್‌ಚೇಂಜಿನ ಮುಂದೆ ಇದು ಆನೆಯ ಮುಂದಿನ ಆಡು. ಆದರೂ ದೂರವಾಣಿಯ ಚರಿತ್ರೆಯನ್ನು ಬರೆಯುವವರು ಈ ಆಡಿನ ಹೆಸರನ್ನು ಬಿಡುವುದಿಲ್ಲ. ಅದಕ್ಕೆ ಕಾರಣ ಆ ಪೆಟ್ಟಿಗೆಯಲ್ಲಿ ಇದ್ದುದಷ್ಟೇ ಅಲ್ಲ. ಅದರಲ್ಲಿ ಇಲ್ಲದಿದ್ದ ಒಂದು ವಸ್ತುವೂ ಹೌದು. ಆ ವಸ್ತು ಯಾವುದು, ಅದನ್ನು ಬಿಟ್ಟದ್ದು ಅಷ್ಟು ದೊಡ್ಡ ಮಾತು ಹೇಗಾಯಿತು ಎಂಬುದನ್ನು ತಿಳಿಯಬೇಕಾದರೆ ದೂರವಾಣಿಯ ಜಾಲವನ್ನು ಕಟ್ಟುವವನ ತಲೆನೋವುಗಳನ್ನು ಮೊದಲು ಅರಿಯಬೇಕು.

ಮೂರು ಬೇಡಿಕೆಗಳು

ಮನೆ ಕಟ್ಟಿಸುವ ಗೃಹಸ್ಥನು ಮೇಸ್ತ್ರಿಯನ್ನು ಕೇಳುವುದು ಮೂರೇ ಮಾತು: ಖರ್ಚು ಕಡಮೆಯಾಗಬೇಕು, ಮನೆ ಗಟ್ಟಿಯಾಗಿರಬೇಕು, ಆಮೇಲೆ ತಿಂಗಳು ತಿಂಗಳು ಕೈ ಕಚ್ಚಬಾರದು. ದೂರವಾಣಿ ಜಾಲದ ಶಿಲ್ಪಿಯನ್ನು ಕೇಳುವುದೂ ಇದನ್ನೇ. ಜಾಲವು ಅಗ್ಗವಾಗಿರಬೇಕು, ಯಾವ ಹೊತ್ತಿಗೆ ಎತ್ತಿದರೂ ಕೆಲಸ ಮಾಡಬೇಕು, ವಿದ್ಯುಚ್ಛಕ್ತಿಯನ್ನು ಮಿತವಾಗಿ ಬಳಸಬೇಕು. ಕೇಳುವುದಕ್ಕೆ ಮೂರೂ ನ್ಯಾಯವಾದ ಬೇಡಿಕೆಗಳೇ. ತೊಡಕೇನೆಂದರೆ, ಈ ಮೂವರೂ ಒಂದೇ ಸೂರಿನಡಿ ಸಾಮರಸ್ಯದಿಂದ ಬಾಳುವ ಓರಗಿತ್ತಿಯರಲ್ಲ. ಒಬ್ಬಳನ್ನು ಮೆಚ್ಚಿಸಹೋದರೆ ಇನ್ನೊಬ್ಬಳು ಮುನಿಯುತ್ತಾಳೆ.

ಭರವಸೆಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಒಂದು ಯಂತ್ರವು ನೂರಕ್ಕೆ 99.9 ಪಾಲು ಕಾಲ ಕೆಲಸ ಮಾಡುತ್ತದೆ ಎಂದರೆ ಬಲು ಚೆನ್ನಾಗಿದೆ ಎನ್ನಿಸುತ್ತದೆ. ಆದರೆ ವರ್ಷಕ್ಕೆ 8,760 ಗಂಟೆಗಳು. ಅವುಗಳಲ್ಲಿ ಸುಮಾರು ಎಂಟು ಮುಕ್ಕಾಲು ಗಂಟೆ ಆ ಯಂತ್ರ ಮೌನ ತಾಳುತ್ತದೆ ಎಂದೇ ಅದರ ಅರ್ಥ. 99.99 ಆದರೆ ಆ ಮೌನವು ಸುಮಾರು 53 ನಿಮಿಷಗಳಿಗೆ ಇಳಿಯುತ್ತದೆ. ದೊಡ್ಡ ಎಕ್ಸ್‌ಚೇಂಜುಗಳಿಂದ ಎಂಜಿನಿಯರರು ನಿರೀಕ್ಷಿಸುವ 99.999ಕ್ಕೆ ಏರಿದರೆ, ವರ್ಷಕ್ಕೆ ಐದು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೇ. ಕಾಗದದ ಮೇಲೆ ಇನ್ನೊಂದು ಒಂಬತ್ತನ್ನು ಬರೆಯುವುದು ಸುಲಭ. ಜಾಲದಲ್ಲಿ ಅದನ್ನು ಗಳಿಸುವುದಕ್ಕೆ ಹಿಂದಿನ ಒಂಬತ್ತಿಗಿಂತ ಬಹಳ ಹೆಚ್ಚು ಹಣ ಬೇಕಾಗುತ್ತದೆ.

ಆ ಒಂಬತ್ತುಗಳನ್ನು ಗಳಿಸುವ ಹಳೆಯ ಉಪಾಯವೆಂದರೆ ಜೋಡಿ. ನೂರಕ್ಕೆ ಒಂದು ಸಲ ಕೆಡುವ ಯಂತ್ರದ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಇಟ್ಟರೆ, ಎರಡೂ ಒಟ್ಟಿಗೆ ಕೆಡುವ ಸಂಭವವು ಹತ್ತು ಸಾವಿರಕ್ಕೆ ಒಂದಕ್ಕೆ ಇಳಿಯುತ್ತದೆ. ಆದರೆ ಯಂತ್ರ ಎರಡಾದರೆ ಬೆಲೆ ಎರಡರಷ್ಟು, ವಿದ್ಯುತ್ತೂ ಹೆಚ್ಚುಕಡಮೆ ಎರಡರಷ್ಟು. ಅಲ್ಲದೆ ಜೋಡಿಯು ನಿಜವಾದ ಜೋಡಿಯಾಗಿರಬೇಕು. ಎರಡು ಜನರೇಟರುಗಳಿಗೆ ಒಂದೇ ತೊಟ್ಟಿಯಿಂದ ಡೀಸೆಲ್ ಬರುತ್ತಿದ್ದರೆ, ಎರಡು ಕೇಬಲ್ಲುಗಳನ್ನು ಒಂದೇ ಕಂದಕದಲ್ಲಿ ಹೂಳಿದ್ದರೆ, ತೊಟ್ಟಿ ಬತ್ತಿದ ದಿನ ಅಥವಾ ಕಂದಕಕ್ಕೆ ಗುದ್ದಲಿ ಬಿದ್ದ ದಿನ ಆ ಜೋಡಿ ಒಂಟಿಯಾಗಿಯೇ ಸಾಯುತ್ತದೆ.

ಜೋಡಿಗೆ ವಿರುದ್ಧವಾದದ್ದು ಸರಪಳಿ. ಒಂದರ ಕೆಲಸ ಇನ್ನೊಂದನ್ನು ನಂಬಿಕೊಂಡಿದ್ದರೆ ಎರಡರ ದೋಷಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. 99.9 ಪಾಲು ಭರವಸೆಯ ಒಂದು ಯಂತ್ರವು 99 ಪಾಲು ಭರವಸೆಯ ಇನ್ನೊಂದನ್ನು ಆಶ್ರಯಿಸಿದರೆ ಒಟ್ಟು ಭರವಸೆ 98.9. ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ಮಲಗುತ್ತಿದ್ದ ಯಂತ್ರ ಈಗ ನಾಲ್ಕು ದಿನ ಮಲಗುತ್ತದೆ. ಸರಪಳಿಯ ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಕಿತ್ತೂರಿನ ಗುಟ್ಟು ಇದರಲ್ಲಿಯೇ ಇದೆ.

ಕೋಪನ್‌ಹೇಗನ್ನಿನ ಗಣಿತಜ್ಞ

ಖರ್ಚಿನ ಲೆಕ್ಕಕ್ಕೆ ಶಾಸ್ತ್ರದ ಅಡಿಪಾಯ ಹಾಕಿದವನು ಡೆನ್ಮಾರ್ಕಿನ ಅಗ್ನರ್ ಎರ್ಲಾಂಗ್ (1878–1929). ಆತ ಕೋಪನ್‌ಹೇಗನ್ ದೂರವಾಣಿ ಕಂಪನಿಯ ಕೆಲಸದಲ್ಲಿದ್ದ ಗಣಿತಜ್ಞ. ಆತನ ಮುಂದಿದ್ದ ಪ್ರಶ್ನೆ ಇದು: ಊರಿನಲ್ಲಿ ಇಷ್ಟು ಜನ ಇಷ್ಟಿಷ್ಟು ಹೊತ್ತು ಮಾತನಾಡುವುದಾದರೆ ಎಷ್ಟು ತಂತಿಗಳನ್ನು ಎಳೆಯಬೇಕು? ತೀರ ಕಡಮೆಯಾದರೆ ಕರೆಗಳು ನಿರಾಶೆಯಿಂದ ಹಿಂದಿರುಗುತ್ತವೆ. ತೀರ ಹೆಚ್ಚಾದರೆ ತಾಮ್ರವು ಸುಮ್ಮನೆ ಕಂಬದ ಮೇಲೆ ಜೋತಾಡುತ್ತದೆ. 1909ರಲ್ಲಿ ಈ ವಿಷಯದ ತನ್ನ ಮೊದಲ ಪ್ರಬಂಧವನ್ನು ಪ್ರಕಟಿಸಿದ ಎರ್ಲಾಂಗನು, 1917ರಲ್ಲಿ ಇಂದಿಗೂ ಬಳಕೆಯಲ್ಲಿರುವ ಸೂತ್ರವನ್ನು ಕೊಟ್ಟನು. ದೂರವಾಣಿಯ ಸಂಚಾರವನ್ನು ಅಳೆಯುವ ಮಾನಕ್ಕೆ ಆತನ ಹೆಸರನ್ನೇ ಇಡಲಾಗಿದೆ. ಗಂಟೆಯುದ್ದಕ್ಕೂ ಸರಾಸರಿ ಒಂದು ಸಂಭಾಷಣೆ ನಡೆಯುತ್ತಿದ್ದರೆ ಅದು ಒಂದು ಎರ್ಲಾಂಗ್.

ಆ ಸೂತ್ರ ಹೇಳುವ ಮಾತು ಸೋಜಿಗದ್ದು. ಹತ್ತು ಹಳ್ಳಿಗಳಿವೆ, ಪ್ರತಿಯೊಂದರಿಂದಲೂ ಪೇಟೆಯ ಕಡೆಗೆ ಒಂದೊಂದು ಎರ್ಲಾಂಗಿನಷ್ಟು ಮಾತು ಹೋಗುತ್ತದೆ ಎಂದಿಟ್ಟುಕೊಳ್ಳಬಹುದು. ಗಡಿಬಿಡಿಯ ಹೊತ್ತಿನಲ್ಲಿಯೂ ನೂರಕ್ಕೆ ಒಂದಕ್ಕಿಂತ ಹೆಚ್ಚು ಕರೆಗಳು ತಪ್ಪಬಾರದೆಂದರೆ ಪ್ರತಿ ಹಳ್ಳಿಗೂ ಐದು ತಂತಿಗಳು ಬೇಕು, ಒಟ್ಟು ಐವತ್ತು. ಅದೇ ಹತ್ತು ಹಳ್ಳಿಗಳ ಮಾತನ್ನು ಒಂದೆಡೆ ಕೂಡಿಸಿ ಕಳುಹಿಸಿದರೆ ಹದಿನೆಂಟೇ ತಂತಿಗಳು ಸಾಕು! ಬೀದಿಯ ಹತ್ತು ಮನೆಗಳವರೂ ಬರಬಹುದಾದ ನೆಂಟರಿಗಾಗಿ ಐದೈದು ಹಾಸಿಗೆಗಳನ್ನು ಕೊಂಡಿಡುವುದಕ್ಕೂ, ಬೀದಿಗೆಲ್ಲ ಸೇರಿ ಒಂದು ಛತ್ರ ಕಟ್ಟಿ ಹದಿನೆಂಟು ಹಾಸಿಗೆಗಳನ್ನು ಇಡುವುದಕ್ಕೂ ಇರುವ ವ್ಯತ್ಯಾಸವೇ ಇದು. ಎಲ್ಲ ಮನೆಗಳಿಗೂ ಒಂದೇ ದಿನ ನೆಂಟರು ತುಂಬುವುದು ಅಪರೂಪ.

ಹಾಗಾದರೆ ಎಲ್ಲವನ್ನೂ ಒಂದೆಡೆ ಕೂಡಿಸಿಬಿಡಬಹುದಲ್ಲ? ಇಲ್ಲಿ ಭರವಸೆಯು ತಡೆಯೊಡ್ಡುತ್ತದೆ. ಛತ್ರಕ್ಕೆ ಬೆಂಕಿ ಬಿದ್ದರೆ ಬೀದಿಯ ನೆಂಟರೆಲ್ಲ ಬಯಲಿಗೆ ಬೀಳುತ್ತಾರೆ. ಅಮೆರಿಕದ ಷಿಕಾಗೋ ನಗರದ ಸಮೀಪದಲ್ಲಿರುವ ಹಿನ್ಸ್‌ಡೇಲ್ ಎಂಬ ಊರಿನಲ್ಲಿ ನಡೆದುದು ಇದೇ. ಸ್ಥಳೀಯ ದೂರವಾಣಿಗಳಲ್ಲದೆ ಸುತ್ತಲಿನ ಅನೇಕ ಊರುಗಳ ದೂರದ ಕರೆಗಳೂ ಅಲ್ಲಿನ ಒಂದು ಕಟ್ಟಡದ ಮೂಲಕವೇ ಹಾದುಹೋಗುತ್ತಿದ್ದುವು. 1988ರ ಮೇ 8, ಭಾನುವಾರ. ಅಮೆರಿಕದಲ್ಲಿ ಮಕ್ಕಳೆಲ್ಲ ತಾಯಂದಿರಿಗೆ ಫೋನು ಮಾಡುವ ಹಬ್ಬದ ದಿನ. ಕೆಲಸಗಾರರಿಲ್ಲದ ಆ ಕಟ್ಟಡದಲ್ಲಿ ಬೆಂಕಿ ಹತ್ತಿತು. ಸುಮಾರು 35,000 ಚಂದಾದಾರರ ದೂರವಾಣಿಗಳು ಮೂಕವಾದುವು. ಎಲ್ಲವೂ ಮೊದಲಿನಂತಾಗಲು ವಾರಗಳೇ ಹಿಡಿದುವು. ಕೂಡಿಸುವುದರಿಂದ ಉಳಿಯುವ ಹಣವೆಷ್ಟು ಎಂದು ಎರ್ಲಾಂಗನ ಸೂತ್ರ ಹೇಳುತ್ತದೆ. ಕೂಡಿಸಿದ್ದು ಕೆಟ್ಟ ದಿನ ಆಗುವ ನಷ್ಟವನ್ನು ಅದು ಹೇಳುವುದಿಲ್ಲ. ಅದನ್ನು ಶಿಲ್ಪಿಯೇ ತೂಗಿ ನೋಡಬೇಕು.

ಬೇರೆ ಮನೆಯ ಅಳತೆಯ ಅಂಗಿ

ಈ ತೂಕಗಳೆಲ್ಲ ಊರಿಂದೂರಿಗೆ ಬದಲಾಗುತ್ತವೆ ಎಂಬುದನ್ನು ಭಾರತವು ಕಹಿಯಾದ ಅನುಭವದಿಂದ ಕಲಿಯಿತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಮೊದಲಿಗೆ ಹಳೆಯ ಸ್ಟ್ರೌಜರ್ ಬಗೆಯ ಎಕ್ಸ್‌ಚೇಂಜುಗಳನ್ನು ತಯಾರಿಸುತ್ತಿತ್ತು. 1964ರಲ್ಲಿ ಬೆಲ್ಜಿಯಂ ದೇಶದ ಕಂಪನಿಯೊಂದರೊಡನೆ ಒಪ್ಪಂದವಾಗಿ, ಆಗ ನವೀನವೆನಿಸಿದ್ದ ಕ್ರಾಸ್‌ಬಾರ್ ಎಕ್ಸ್‌ಚೇಂಜುಗಳು ಬಂದುವು. ಯಂತ್ರವೇನೋ ಉತ್ತಮವಾದದ್ದೇ. ಆದರೆ ಅದನ್ನು ಹೊಲಿದದ್ದು ಬೇರೊಂದು ಮನೆಯ ಅಳತೆಗೆ. ಯೂರೋಪಿನಲ್ಲಿ ಮನೆಗೊಂದು ದೂರವಾಣಿ. ಒಂದೊಂದು ತಂತಿಯ ಮೇಲೂ ಮಾತು ಕಡಮೆ. ಭಾರತದಲ್ಲಿ ಬೀದಿಗೊಂದು ದೂರವಾಣಿ. ಅಂಗಡಿಯವನ ಫೋನನ್ನು ನೆರೆಹೊರೆಯವರೆಲ್ಲ ಬಳಸುವರು. ಕರೆ ಸಿಕ್ಕದಿದ್ದರೆ ಮತ್ತೆ ಮತ್ತೆ ತಿರುಗಿಸುವರು. ಆ ಹೊರೆಯನ್ನು ತಾಳಲಾರದೆ ಯಂತ್ರಗಳು ತಿಣುಕಿದುವು. ಕೊನೆಗೆ ಇಲ್ಲಿನ ಎಂಜಿನಿಯರರೇ ಆ ವಿನ್ಯಾಸವನ್ನು ಬಿಚ್ಚಿ, ಇಲ್ಲಿನ ಸಂಚಾರಕ್ಕೆ ತಕ್ಕಂತೆ ಮತ್ತೆ ಹೆಣೆಯಬೇಕಾಯಿತು.

1980ರ ದಶಕದ ಆರಂಭದಲ್ಲಿ ಎಪ್ಪತ್ತು ಕೋಟಿ ಜನರ ಈ ದೇಶದಲ್ಲಿ ಇದ್ದ ದೂರವಾಣಿಗಳು ಸುಮಾರು 25 ಲಕ್ಷ. ಅವುಗಳಲ್ಲಿ ಬಹುಪಾಲು ಪಟ್ಟಣಗಳಲ್ಲಿ. ಹಳ್ಳಿಗಾಡಿನಲ್ಲಿ ಮಧ್ಯರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡರೆ ಡಾಕ್ಟರಿಗೆ ಸುದ್ದಿ ಮುಟ್ಟಿಸಲು ಒಬ್ಬನು ಸೈಕಲ್ಲು ಹತ್ತಬೇಕು. ಪೇಟೆಯಲ್ಲಿ ಈರುಳ್ಳಿಯ ಧಾರಣೆ ಬಿದ್ದುದು ರೈತನಿಗೆ ತಿಳಿಯುವುದು ಗಾಡಿಯು ಪೇಟೆ ಸೇರಿದ ಮೇಲೆ. ಇಂಥ ಊರಿಗೆ ದೂರವಾಣಿಯನ್ನು ಕೊಡಬೇಕೆಂದರೆ ಆಗ ದೊರೆಯುತ್ತಿದ್ದ ವಿದೇಶಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ದೊಡ್ಡವು, ದುಬಾರಿಯವು. ಹವಾನಿಯಂತ್ರಿತ ಕೋಣೆಯನ್ನು ಕೇಳುವಂಥವು.

ಸಂನ್ಯಾಸಿಯ ಕಥೆ

ಒಬ್ಬ ಸಂನ್ಯಾಸಿಯ ಕಥೆಯನ್ನು ಹಿರಿಯರು ಹೇಳುವುದುಂಟು. ಆತನಿಗಿದ್ದ ಆಸ್ತಿಯೆಂದರೆ ಎರಡು ಕೌಪೀನ. ಒಗೆದು ಒಣಹಾಕಿದ್ದನ್ನು ಇಲಿ ಕಡಿಯಿತು. ಇಲಿಯನ್ನು ಓಡಿಸಲು ಬೆಕ್ಕು ಬಂತು. ಬೆಕ್ಕಿಗೆ ಹಾಲು ಬೇಕು, ಹಸು ಬಂತು. ಹಸುವಿಗೆ ಹುಲ್ಲು ಬೇಕು, ಹೊಲ ಬಂತು. ಹೊಲವನ್ನೂ ಹಸುವನ್ನೂ ನೋಡಿಕೊಳ್ಳುವುದಕ್ಕೆ ಕೊನೆಗೆ ಹೆಂಡತಿಯೂ ಬಂದಳು. ಕೌಪೀನವನ್ನು ಕಾಪಾಡಹೋದ ಸಂನ್ಯಾಸಿಯು ಸಂಸಾರಿಯಾದನು.

ಹವಾನಿಯಂತ್ರಣ ಯಂತ್ರವು ಎಕ್ಸ್‌ಚೇಂಜಿನ ಪಾಲಿಗೆ ಇಂಥದೇ ಬೆಕ್ಕು. ಹೇಗೆಂದು ತಿಳಿಯಲು ಎಕ್ಸ್‌ಚೇಂಜಿಗೆ ವಿದ್ಯುತ್ತು ಬರುವ ದಾರಿಯನ್ನು ನೋಡಬೇಕು. ಪ್ರಪಂಚದ ಹೆಚ್ಚಿನ ಕಡೆಗಳಲ್ಲಿ ದೂರವಾಣಿ ಎಕ್ಸ್‌ಚೇಂಜುಗಳು ನಡೆಯುವುದು 48 ವೋಲ್ಟುಗಳ ಬ್ಯಾಟರಿಯ ಮೇಲೆ. ಹೊರಗಿನ ವಿದ್ಯುತ್ತು ಬ್ಯಾಟರಿಯನ್ನು ತುಂಬುತ್ತಿರುತ್ತದೆ. ಅದು ನಿಂತರೂ ಬ್ಯಾಟರಿ ಗಂಟೆಗಟ್ಟಲೆ ನಡೆಸುತ್ತದೆ. ಚಂದಾದಾರನ ಮನೆಯ ಉಪಕರಣಕ್ಕೂ ಶಕ್ತಿ ಹೋಗುವುದು ಅದೇ ತಂತಿಯ ಮೂಲಕ. ಮನೆಯ ದೀಪಗಳೆಲ್ಲ ಆರಿದ ರಾತ್ರಿಯೂ ಹಳೆಯ ಕಾಲದ ಫೋನು ಗಣಗಣಿಸುತ್ತಿದ್ದುದರ ರಹಸ್ಯವಿದು.

ಆದರೆ ಹವಾನಿಯಂತ್ರಣ ಯಂತ್ರದ ಹೊಟ್ಟೆ ದೊಡ್ಡದು. ಬ್ಯಾಟರಿಯಿಂದ ಅದನ್ನು ಬಹಳ ಹೊತ್ತು ನಡೆಸಲು ಸಾಧ್ಯವಿಲ್ಲ. ಆದಕಾರಣ ಊರಿನ ಕರೆಂಟು ಹೋದೊಡನೆ ತಂಪು ನಿಲ್ಲುತ್ತದೆ. ಕೋಣೆ ಕಾಯುತ್ತದೆ. ಬ್ಯಾಟರಿಯಲ್ಲಿ ಇನ್ನೂ ಜೀವವಿದ್ದರೂ ಯಂತ್ರ ಬಿಸಿಯಿಂದ ಬಳಲಿ ನಿಂತುಹೋಗುತ್ತದೆ. ಇದಕ್ಕೆ ಪರಿಹಾರವೆಂದು ಡೀಸೆಲ್ ಜನರೇಟರು ಬರುತ್ತದೆ. ಜನರೇಟರಿಗೆ ಡೀಸೆಲ್ ಬೇಕು, ಡೀಸೆಲ್ ತರಲು ವಾಹನ ಬೇಕು, ವಾಹನಕ್ಕೆ ದಾರಿ ಬೇಕು, ಎಲ್ಲವನ್ನೂ ಕಾಯಲು ಆಳು ಬೇಕು. ಹವಾನಿಯಂತ್ರಣ ಯಂತ್ರ ಕೆಟ್ಟರೆ ಅದನ್ನು ರಿಪೇರಿ ಮಾಡುವವನು ಪಟ್ಟಣದಿಂದ ಬರಬೇಕು. ಬೆಕ್ಕಿನ ಹಿಂದೆ ಹಸು, ಹಸುವಿನ ಹಿಂದೆ ಹೊಲ! ಹಳ್ಳಿಯ ಪಾಲಿಗಂತೂ ಇದು ಹೊಟ್ಟೆಗೆ ಹಿಟ್ಟಿಲ್ಲದವನು ಜುಟ್ಟಿಗೆ ಮಲ್ಲಿಗೆ ಮುಡಿದಂತೆಯೇ ಸರಿ.

1984ರ ಆಗಸ್ಟ್ ತಿಂಗಳಿನಲ್ಲಿ ಭಾರತ ಸರಕಾರವು ಸಿ-ಡಾಟ್ ಎಂಬ ಸಂಶೋಧನ ಕೇಂದ್ರವನ್ನು ಸ್ಥಾಪಿಸಿತು. ಮೂವತ್ತಾರು ತಿಂಗಳು, ಮೂವತ್ತಾರು ಕೋಟಿ ರೂಪಾಯಿ. ಅಷ್ಟರಲ್ಲಿ ದೇಶಕ್ಕೆ ತನ್ನದೇ ಆದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬೇಕೆಂಬುದು ಅದಕ್ಕೆ ವಿಧಿಸಿದ ಗುರಿ. ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ, ಅಮೆರಿಕದಲ್ಲಿ ದೂರವಾಣಿ ಯಂತ್ರಗಳ ಕ್ಷೇತ್ರದಲ್ಲಿ ಹೆಸರು ಮಾಡಿ ಹಿಂದಿರುಗಿದ ಸ್ಯಾಮ್ ಪಿತ್ರೋಡ, ದೂರವಾಣಿ ಇಲಾಖೆಯ ಅನುಭವಿ ಜಿ. ಬಿ. ಮೀಮಾಂಸಿ, ಟಾಟಾ ಮೂಲ ಸಂಶೋಧನ ಸಂಸ್ಥೆಯ ಎಂ. ವಿ. ಪಿಟ್ಕೆ ಮುಂತಾದವರು ಅದರ ಮುಂದಾಳುಗಳು. ದಿಲ್ಲಿ ಮತ್ತು ಬೆಂಗಳೂರಿನ ಅದರ ಕೋಣೆಗಳಲ್ಲಿ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನ ಎಂಜಿನಿಯರರು.

ಅವರು ಹಳ್ಳಿಯ ಎಕ್ಸ್‌ಚೇಂಜಿನಿಂದ ಬೆಕ್ಕನ್ನೇ ಹೊರಗೆ ಹಾಕಿದರು. ಕೋಣೆಯನ್ನು ತಂಪಾಗಿಸುವ ಬದಲು ಯಂತ್ರವು ಬಿಸಿಯಾಗದಂತೆ ಮಾಡುವುದು ಅವರ ಉಪಾಯ. ಕಡಮೆ ವಿದ್ಯುತ್ತನ್ನು ಬಳಸುವ ಬಿಡಿಭಾಗಗಳನ್ನು ಆರಿಸಿದರೆ ಹುಟ್ಟುವ ಶಾಖವೂ ಕಡಮೆ. ಕಡಮೆ ಶಾಖವಾದರೆ ಸುತ್ತಲಿನ ಗಾಳಿಯೇ ಅದನ್ನು ಒಯ್ಯಬಲ್ಲದು. ಹಳ್ಳಿಯ ಬಿಸಿಲು ಮತ್ತು ಧೂಳಿನಲ್ಲಿ, ಸಾಮಾನ್ಯವಾದ ಕೋಣೆಯೊಂದರಲ್ಲಿ ಇಟ್ಟರೂ ನಡೆಯುವಂಥ ಪೆಟ್ಟಿಗೆ ಸಿದ್ಧವಾಯಿತು. ಹವಾನಿಯಂತ್ರಣ ಹೋದೊಡನೆ ಅದರ ಬೆಲೆ ಹೋಯಿತು, ಅದರ ಕರೆಂಟಿನ ಬಿಲ್ಲು ಹೋಯಿತು. ಸರಪಳಿಯ ದುರ್ಬಲ ಕೊಂಡಿ ಕಳಚಿತಾಗಿ ಭರವಸೆ ಹೆಚ್ಚಿತು. ಹಣ, ಭರವಸೆ, ವಿದ್ಯುತ್ತು – ಎಂದೂ ಒಬ್ಬರಿಗೊಬ್ಬರು ಮುಖ ಕೊಡದ ಮೂವರು ಓರಗಿತ್ತಿಯರು ಆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಂತಾಯಿತು.

ಉಳಿದೆಡೆಗಳಲ್ಲಿ ಎಂದಿನ ಚೌಕಾಸಿ ಇದ್ದೇ ಇತ್ತು. ಎಕ್ಸ್‌ಚೇಂಜಿನ ನಿಯಂತ್ರಣ ಭಾಗವು ಕೆಟ್ಟರೆ ಊರೆಲ್ಲ ಮೂಕವಾಗುತ್ತದೆ. ಆದ್ದರಿಂದ ಅದನ್ನು ಜೋಡಿಯಾಗಿ ಇಡುವುದು ಯೋಗ್ಯ. ಚಂದಾದಾರರ ತಂತಿಗಳನ್ನು ಹಿಡಿಯುವ ಒಂದು ಫಲಕ ಕೆಟ್ಟರೆ ತೊಂದರೆ ಕೆಲವೇ ಮನೆಗಳಿಗೆ. ಅದನ್ನು ಜೋಡಿಯಾಗಿ ಇಡುವುದು ದುಂದುಗಾರಿಕೆ. ಕಪಾಟಿನಲ್ಲಿ ಒಂದು ಹೆಚ್ಚಿನ ಫಲಕವಿದ್ದರೆ ಸಾಕು. ಎಲ್ಲಿ ಜೋಡಿ, ಎಲ್ಲಿ ಒಂಟಿ ಎಂಬ ವಿವೇಚನೆಯೇ ಈ ವಿದ್ಯೆಯ ತಿರುಳು.

ಸಿ-ಡಾಟ್ ಸಂಸ್ಥೆಯ ಕಾರ್ಯದಲ್ಲಿ ಕೊರತೆಯೇ ಇರಲಿಲ್ಲವೆಂದಲ್ಲ. ನಗರಗಳಿಗೆ ಬೇಕಾದ ದೊಡ್ಡ ಎಕ್ಸ್‌ಚೇಂಜು ಗೊತ್ತುಪಡಿಸಿದ ಅವಧಿಯೊಳಗೆ ಪೂರ್ತಿಯಾಗಿ ಸಿದ್ಧವಾಗದೆ ಟೀಕೆಗೆ ಗುರಿಯಾಯಿತು. ಹಳ್ಳಿಯ ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ, ಅದನ್ನು ಪೇಟೆಗೆ ಕೂಡಿಸುವ ತಂತಿ ಕಡಿದರೆ ಊರಿನ ಮಾತು ಊರಿನಲ್ಲಿಯೇ ಉಳಿಯುವುದೂ ತಪ್ಪುವಂತಿರಲಿಲ್ಲ. ಆದಾಗ್ಯೂ ಕಿತ್ತೂರಿನ ಪೆಟ್ಟಿಗೆಯ ಒಡಹುಟ್ಟುಗಳು ಮುಂದಿನ ವರ್ಷಗಳಲ್ಲಿ ಸಾವಿರಾರು ಹಳ್ಳಿಗಳನ್ನು ಸೇರಿದುವು.

ಗೋಪುರಗಳ ಕಾಲ

ಕಾಲ ಬದಲಾಯಿತು. ತಂತಿಯ ಸ್ಥಾನಕ್ಕೆ ಮೊಬೈಲ್ ಬಂತು. ಎಕ್ಸ್‌ಚೇಂಜಿನ ಕೋಣೆಯ ಸ್ಥಾನಕ್ಕೆ ಗೋಪುರಗಳು ಬಂದುವು. ಆದರೆ ಕಿತ್ತೂರಿನಲ್ಲಿ ಹೊರಗೆ ಹಾಕಿದ ಬೆಕ್ಕು ಗೋಪುರದ ಬುಡದ ಕೋಣೆಯೊಳಕ್ಕೆ ಮೆಲ್ಲನೆ ನುಸುಳಿತು. ಗೋಪುರದ ಯಂತ್ರಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಆ ಕೋಣೆಯನ್ನು ಹವಾನಿಯಂತ್ರಣದಿಂದ ತಂಪಾಗಿಸುವ ಪದ್ಧತಿ ವಿದೇಶದಿಂದ ಬಂತು. ಹಳ್ಳಿಗಳಲ್ಲಿ ಕರೆಂಟು ದಿನಕ್ಕೆ ಹಲವು ಗಂಟೆ ಇರುತ್ತಿರಲಿಲ್ಲವಾಗಿ ಜನರೇಟರು ಅನಿವಾರ್ಯವಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2011ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದ ಮೊಬೈಲ್ ಗೋಪುರಗಳು ವರ್ಷಕ್ಕೆ ಸುಮಾರು 200 ಕೋಟಿ ಲೀಟರ್ ಡೀಸೆಲನ್ನು ಸುಡುತ್ತಿದ್ದುವು. ಮರುವರ್ಷ, 2012ರ ಜನವರಿಯಲ್ಲಿ, ದೂರಸಂಪರ್ಕ ಇಲಾಖೆಯು ಒಂದು ಆದೇಶವನ್ನು ಹೊರಡಿಸಿತು. 2015ರ ವೇಳೆಗೆ ಗ್ರಾಮಾಂತರದ ಗೋಪುರಗಳಲ್ಲಿ ಅರ್ಧದಷ್ಟಕ್ಕೂ, ನಗರದವುಗಳಲ್ಲಿ ಐದರಲ್ಲಿ ಒಂದು ಭಾಗಕ್ಕೂ ಸೂರ್ಯಶಕ್ತಿ ಮುಂತಾದವು ಬೆರೆತ ವಿದ್ಯುತ್ತನ್ನು ಒದಗಿಸಬೇಕೆಂದು ಅದು ವಿಧಿಸಿತು.

ಇಲ್ಲಿಯೂ ದೊಡ್ಡ ಉಳಿತಾಯ ಬಂದುದು ಹೊಸದನ್ನು ಕೂಡಿಸಿದ್ದರಿಂದ ಮಾತ್ರವಲ್ಲ, ಬೇಡದ್ದನ್ನು ಕಳೆದದ್ದರಿಂದಲೂ. ಬಿಸಿಲಿಗೂ ಮಳೆಗೂ ಅಂಜದ ಪೆಟ್ಟಿಗೆಗಳಲ್ಲಿ ಯಂತ್ರಗಳನ್ನು ಬಯಲಿನಲ್ಲಿಯೇ ನಿಲ್ಲಿಸುವ ಪದ್ಧತಿ ಹರಡಿತು. ಕೋಣೆ ಹೋಯಿತು, ಅದರೊಡನೆ ಹವಾನಿಯಂತ್ರಣವೂ ಹೋಯಿತು. ಬೇರೆ ಬೇರೆ ಕಂಪನಿಗಳು ಒಂದೇ ಗೋಪುರವನ್ನು ಹಂಚಿಕೊಳ್ಳತೊಡಗಿದುವು. ರಾತ್ರಿ ಊರು ಮಲಗಿದಾಗ ಗೋಪುರದ ಕೆಲವು ರೇಡಿಯೋ ಭಾಗಗಳನ್ನೂ ಮಲಗಿಸುವ ಜಾಣ್ಮೆ ಬಂತು. ಮೊಬೈಲ್ ಜಾಲದ ವಿದ್ಯುತ್ತಿನ ಬಹುಪಾಲನ್ನು ನುಂಗುವುದು ಈ ರೇಡಿಯೋ ಭಾಗವೇ. ಯಾರೂ ಮಾತನಾಡದಿದ್ದರೂ ಅದು ಸುಮ್ಮನೆ ಎಚ್ಚರವಾಗಿದ್ದುಕೊಂಡು ಕರೆಂಟು ತಿನ್ನುತ್ತಿರುತ್ತದೆ.

ಆದರೆ ಪ್ರತಿ ಉಳಿತಾಯಕ್ಕೂ ಒಂದು ತೆರಿಗೆಯುಂಟು. ಮೂರು ಕಂಪನಿಗಳು ಹಂಚಿಕೊಂಡ ಗೋಪುರ ಬಿದ್ದರೆ ಮೂರು ಕಂಪನಿಗಳ ಗ್ರಾಹಕರೂ ಒಟ್ಟಿಗೆ ಮೂಕರಾಗುತ್ತಾರೆ. ಭರವಸೆಗೆಂದು ಮನೆಯಲ್ಲಿ ಎರಡು ಕಂಪನಿಗಳ ಸಂಪರ್ಕವನ್ನು ಇಟ್ಟುಕೊಂಡ ಗೃಹಸ್ಥನಿಗೆ, ಎರಡೂ ಒಂದೇ ಗೋಪುರವನ್ನು ನಂಬಿರುವುದು ಆ ದಿನ ತಿಳಿಯುತ್ತದೆ. ಬ್ಯಾಟರಿಯನ್ನು ಚಿಕ್ಕದಾಗಿಸಿದರೆ ಹಣ ಉಳಿಯುತ್ತದೆ. ನೆರೆ ಬಂದಾಗ ಅದರ ಬೆಲೆ ತೆರಬೇಕಾಗುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರವು ನೀರಿನಲ್ಲಿ ಮುಳುಗಿದಾಗ ಆದುದು ಇದೇ. ಕರೆಂಟು ನಿಂತಿತು. ಬ್ಯಾಟರಿಗಳು ಬರಿದಾದುವು. ಮುಳುಗಿದ ಬೀದಿಗಳಲ್ಲಿ ಜನರೇಟರುಗಳಿಗೆ ಡೀಸೆಲ್ ಒಯ್ಯುವುದು ದುಸ್ತರವಾಯಿತು. ನಗರದ ಹಲವು ಭಾಗಗಳಲ್ಲಿ ಮಹಡಿಯ ಮೇಲೆ ಸಿಕ್ಕಿಕೊಂಡಿದ್ದವರ ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ಮಾತಿರಲಿಲ್ಲ. ಸರಾಸರಿ ದಿನಗಳ ಲೆಕ್ಕದಲ್ಲಿ ದಂಡವೆಂದು ಕಾಣುವ ದೊಡ್ಡ ಬ್ಯಾಟರಿಯು ಆ ಒಂದು ರಾತ್ರಿಯ ಲೆಕ್ಕದಲ್ಲಿ ಪ್ರಾಣದ ಬೆಲೆಯುಳ್ಳದ್ದಾಗುತ್ತದೆ.

ಆದ್ದರಿಂದಲೇ ಒಳ್ಳೆಯ ಶಿಲ್ಪಿಯು ಜಾಲವೆಲ್ಲಕ್ಕೂ ಒಂದೇ ಅಳತೆಯನ್ನು ಹಾಕುವುದಿಲ್ಲ. ಪೇಟೆಯ ನಡುವೆ ಹತ್ತಾರು ಗೋಪುರಗಳಿರುವೆಡೆ ಒಂದು ಮಲಗಿದರೆ ಪಕ್ಕದ್ದು ಅದರ ಹೊರೆಯನ್ನು ಹೊರುತ್ತದೆ. ಅಲ್ಲಿ ಮಿತವ್ಯಯ ಸಲ್ಲುತ್ತದೆ. ಆದರೆ ಮಲೆನಾಡಿನ ಘಟ್ಟದ ತಿರುವಿನಲ್ಲಿ ಒಂಟಿಯಾಗಿ ನಿಂತ ಗೋಪುರವನ್ನೋ, ದೊಡ್ಡ ಆಸ್ಪತ್ರೆಯ ಬಳಿಯದನ್ನೋ, ನದಿಯ ತಗ್ಗಿನ ಊರಿನದನ್ನೋ ಅದೇ ಅಳತೆಯಿಂದ ಅಳೆಯುವಂತಿಲ್ಲ. ಅಲ್ಲಿ ಬ್ಯಾಟರಿ ದೊಡ್ಡದಾಗಬೇಕು, ಯಂತ್ರಗಳನ್ನು ನೆರೆಯ ಮಟ್ಟಕ್ಕಿಂತ ಮೇಲೆ ನಿಲ್ಲಿಸಬೇಕು, ಹೊರಗಿನ ಲೋಕಕ್ಕೆ ಎರಡು ದಾರಿಗಳಿರಬೇಕು. ಆ ಖರ್ಚನ್ನು ಗ್ರಾಹಕರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಅದು ಎಂದಿಗೂ ಲಾಭವೆನಿಸದು. ಆದಕಾರಣ ಅಂಥ ಸ್ಥಳಗಳ ನಿರ್ಣಯವನ್ನು ಲಾಭನಷ್ಟದ ಪಟ್ಟಿಗೆ ಮಾತ್ರ ಬಿಡುವುದು ಉಚಿತವಲ್ಲ.

ಮನೆಯೊಳಗಿನ ಜಾಲ

ಇದೆಲ್ಲ ಎಂಜಿನಿಯರರ ಗೊಡವೆ, ಸಂಸಾರಸ್ಥರಿಗೇನು ಎಂದು ವಾಚಕರು ಕೇಳಬಹುದು. ಈಗ ಜಾಲದ ಕೊನೆಯ ಕೊಂಡಿ ಅವರ ಮನೆಯೊಳಗೇ ಬಂದು ಕುಳಿತಿದೆ. ಹಳೆಯ ತಾಮ್ರದ ತಂತಿಯು ತನ್ನ ವಿದ್ಯುತ್ತನ್ನು ತಾನೇ ತರುತ್ತಿತ್ತು. ಈಗಿನ ಗಾಜಿನ ಎಳೆಯು ಬೆಳಕನ್ನು ತರುತ್ತದೆಯೇ ಹೊರತು ವಿದ್ಯುತ್ತನ್ನು ತರುವುದಿಲ್ಲ. ಆ ಬೆಳಕನ್ನು ಮಾತಾಗಿ ಮಾರ್ಪಡಿಸುವ ಪೆಟ್ಟಿಗೆ ಗೋಡೆಯ ಪ್ಲಗ್ಗಿನಿಂದ ಕರೆಂಟು ಪಡೆಯುತ್ತದೆ. ದೀಪ ಆರಿದೊಡನೆ ಅದೂ ಆರುತ್ತದೆ. ಎಕ್ಸ್‌ಚೇಂಜಿನಲ್ಲಿ ಲಕ್ಷಾಂತರ ರೂಪಾಯಿಗಳ ಬ್ಯಾಟರಿಯಿದ್ದರೂ ಹಜಾರದ ಗೋಡೆಯ ಪೆಟ್ಟಿಗೆಗೆ ಆಸರೆಯಿಲ್ಲದಿದ್ದರೆ ಸರಪಳಿ ಅಲ್ಲಿಯೇ ಕಡಿಯಿತು. ವೃದ್ಧರೋ ರೋಗಿಗಳೋ ಇರುವ ಮನೆಗಳಲ್ಲಿ ಅದಕ್ಕೊಂದು ಚಿಕ್ಕ ಬ್ಯಾಟರಿಯನ್ನು ಜೋಡಿಸುವುದು ದುಂದುಗಾರಿಕೆಯಲ್ಲ.

ಇನ್ನು ಆ ಪೆಟ್ಟಿಗೆ ತಿನ್ನುವ ಕರೆಂಟು. ಹತ್ತು ವಾಟಿನ ಪೆಟ್ಟಿಗೆಯೊಂದು ಹಗಲಿರುಳು ಉರಿದರೆ ವರ್ಷಕ್ಕೆ ಸುಮಾರು 88 ಯೂನಿಟ್ ಖರ್ಚಾಗುತ್ತದೆ. ಒಂದು ಮನೆಗೆ ಇದು ದೊಡ್ಡ ಲೆಕ್ಕವಲ್ಲ. ಕೋಟಿ ಮನೆಗಳಿಗೆ ಗುಣಿಸಿದರೆ 88 ಕೋಟಿ ಯೂನಿಟ್. ಇಂಥ ಪೆಟ್ಟಿಗೆಯನ್ನು ಯೋಜಿಸುವವನು ಒಂದು ವಾಟನ್ನು ಉಳಿಸಿದರೆ ಅದು ಆ ಕೋಟಿ ಮನೆಗಳ ಉಳಿತಾಯ. ಉದಾಸೀನ ಮಾಡಿದರೆ ಅವಷ್ಟರ ನಷ್ಟ. ಕಿತ್ತೂರಿನ ಪೆಟ್ಟಿಗೆಯನ್ನು ಯೋಜಿಸಿದವರು ಬಿಡಿಭಾಗಗಳನ್ನು ಆರಿಸುವಾಗ ತೋರಿದ ಎಚ್ಚರವು ಇಲ್ಲಿಯೂ ಅಷ್ಟೇ ಆವಶ್ಯಕ.

ಆ ಎಂಜಿನಿಯರರಿಗೆ ಅಪಾರ ಹಣವಿರಲಿಲ್ಲ, ಅವರ ಹಳ್ಳಿಗಳಲ್ಲಿ ನಂಬಬಹುದಾದ ಕರೆಂಟಿರಲಿಲ್ಲ. ಇಲ್ಲದ್ದನ್ನು ಇದೆಯೆಂದು ಅವರು ಭಾವಿಸಲಿಲ್ಲ. ಆ ಇಲ್ಲದಿರುವಿಕೆಯನ್ನೇ ಅಳತೆಯಾಗಿ ಹಿಡಿದು ಯಂತ್ರವನ್ನು ಹೊಲಿದರು. ಆದುದರಿಂದ ಇನ್ನು ಮುಂದೆ ಯಾವುದಾದರೂ ಹೊಸ ಯಂತ್ರವನ್ನು ಕೊಳ್ಳಹೊರಟಾಗ, ಅದು ಏನನ್ನು ಕೊಡುತ್ತದೆ ಎಂದು ಕೇಳಿದ ಮೇಲೆ ವಾಚಕರು ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಲೇಸು: ಇದು ತನ್ನ ಹಿಂದೆ ಎಷ್ಟು ಬೆಕ್ಕುಗಳನ್ನೂ ಹಸುಗಳನ್ನೂ ಮನೆಗೆ ಕರೆತರುತ್ತದೆ? ಉತ್ತರ ತಿಳಿಯದಿದ್ದರೆ ಕೊಳ್ಳುವುದಕ್ಕೆ ಅವಸರ ಬೇಡ.